ದೇಜಪ್ಪನ ಪಾದೆ

ವರದಿಯ ಅರವತ್ತೊಂದನೆಯ ಪುಟದಲ್ಲಿ ಹೀಗೆ ಬರೆದಿದೆ: ‘ಬೋಯಾದ ಸುತ್ತಲಿನ ಐನೂರು ಮೀಟರ್ ವ್ಯಾಪ್ತಿಯಲ್ಲಿ ಹೇಳಿಕೊಳ್ಳುವಂಥ ಮೀನುಗಾರಿಕೆ ಯಾವುದೂ ಇಲ್ಲ.’ ಅದರ ಕೆಳಗೆ ‘ಸ್ಥಳೀಯ ಸಂಪರ್ಕಾಧಿಕಾರಿ’ ಎಂದು ಅಚ್ಚಾಗಿದೆ, ಅಲ್ಲಿ ನನ್ನ ಸಹಿ ಇದೆ. ಯಶ್ವಂತ್ ಕುಂದರ್, ಕಾಪು. ಸಹಿ ಚೆನ್ನಾಗಿಯೇ ಬಿದ್ದಿದೆ. ಆ ಪುಟ ಕಂಡಾಗಲೆಲ್ಲ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ವಿಷಯ ಇಷ್ಟೇ. ಕಾಪುವಿನ ದಡದಿಂದ ಆರು ಮೈಲಿ ಆಚೆ ಎಣ್ಣೆ ಕಂಪೆನಿಯೊಂದು ಬೋಯಾ ಹಾಕಲು ಹೊರಟಿತ್ತು. ಬೋಯಾ ಅಂದರೆ ನಮ್ಮ ಬಲೆಗೆ ಕಟ್ಟುವ ಬೆಂಡಲ್ಲ, ಮನೆಯಷ್ಟು ದೊಡ್ಡ ಕಬ್ಬಿಣದ ತೇಲುಗುಂಡು. ಟ್ಯಾಂಕರ್ ಹಡಗು ಬಂದು ಅದಕ್ಕೆ ಕಟ್ಟಿಕೊಳ್ಳುತ್ತದೆ, ಹಡಗಿನ ಎಣ್ಣೆ ಕಡಲಡಿಯ ಕೊಳವೆಯಲ್ಲಿ ದಡಕ್ಕೆ ಬರುತ್ತದೆ. ಅದರ ಸುತ್ತಲಿನ ಐನೂರು ಮೀಟರಿನೊಳಗೆ ದೋಣಿ ಹೋಗಬಾರದು, ಗಾಳ ಬಿಡಬಾರದು, ಲಂಗರು ಹಾಕಬಾರದು.

ಈ ಐನೂರು ಮೀಟರಿನ ವಿಚಾರ ನನಗಿಂತ ಚೆನ್ನಾಗಿ ಗೊತ್ತಿದ್ದವರು ಕಾಪುವಿನಲ್ಲಿ ಯಾರೂ ಇರಲಿಲ್ಲ. ಬೇರೆ ಬೇರೆ ಹಡಗು ಸುತ್ತಿ, ಕೊನೆಗೆ ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿನಿಂದ ಹೊರಡುವ ಕಾವಲು ಹಡಗಿನಲ್ಲಿ ಹದಿನಾಲ್ಕು ವರ್ಷ ದುಡಿದವನು ನಾನು. ಅಲ್ಲಿಯ ಉತ್ತರ ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಬ್ಬಿಣದ ಅಟ್ಟಗಳಿವೆ. ಅಂಥದ್ದೊಂದರ ಸುತ್ತ ನಮ್ಮ ಹಡಗು ಗಾಣದ ಎತ್ತಿನ ಹಾಗೆ ಸುತ್ತುತ್ತಿರಬೇಕು. ಅಟ್ಟದಿಂದ ಯಾರಾದರೂ ನೀರಿಗೆ ಬಿದ್ದರೆ ಎತ್ತುವುದು, ಮೀನಿನ ದೋಣಿ ಹತ್ತಿರ ಬಂದರೆ ದೂರ ಕಳಿಸುವುದು, ಇವೆರಡೇ ಕೆಲಸ. ನೀರಿಗೆ ಬಿದ್ದವರನ್ನು ನಾನು ಒಮ್ಮೆಯೂ ಎತ್ತಲಿಲ್ಲ. ದೂರ ಕಳಿಸಿದ ದೋಣಿಗಳ ಲೆಕ್ಕ ಇಟ್ಟವರಿಲ್ಲ.

ಚೆಂದದ ದೇಶ ಅದು. ಗುಡ್ಡ ಕಡಲಿಗೆ ಇಳಿಯುವಲ್ಲೆಲ್ಲ ಹಸಿರು, ಕುರಿ, ಕಲ್ಲಿನ ಮನೆಗಳು. ಆದರೆ ಕ್ರೋಮಾರ್ಟಿ ಎಂಬ ಕೊಲ್ಲಿಗೆ ಹೋದರೆ ಕೆಲಸವಿಲ್ಲದ ಎಣ್ಣೆ ಅಟ್ಟಗಳನ್ನು ತಂದು ಸಾಲಾಗಿ ನಿಲ್ಲಿಸಿರುತ್ತಾರೆ. ಒಲೆಯ ಮುಂದೆ ನಿಂತ ಹೆಂಗಸು ಕಿಟಕಿಯಾಚೆ ನೋಡಿದರೆ ಕಾಣುವುದು ತುಕ್ಕು ಹಿಡಿದ ಕಬ್ಬಿಣದ ಕಾಲುಗಳು. ‘ನಮ್ಮ ಹುಡುಗರಿಗೆ ಕೆಲಸ ಕೊಟ್ಟರಲ್ಲ’ ಎಂದು ಅಲ್ಲಿಯೂ ಜನ ಹೇಳುತ್ತಿದ್ದರು. ಕೊಟ್ಟದ್ದು ಸುಳ್ಳಲ್ಲ. ನನಗೂ ಕೊಟ್ಟರು, ನಮ್ಮ ತಾರಸಿ ಮನೆ ಆದದ್ದೂ ಅದರಿಂದಲೇ.

ಅಲ್ಲಿ ಒಬ್ಬ ಮುದುಕ ಮೀನುಗಾರ ತಿಂಗಳಿಗೊಮ್ಮೆಯಾದರೂ ರೇಡಿಯೋದಲ್ಲಿ ಬರುತ್ತಿದ್ದ. ‘ನಮ್ಮಜ್ಜ ಮೀನು ಹಿಡಿದ ಜಾಗ ಮಗನೇ, ಒಂದು ಗಂಟೆ ಬಿಡು’ ಎನ್ನುತ್ತಿದ್ದ. ನಾನು ‘ಕ್ಷಮಿಸಿ ಸರ್, ಐನೂರು ಮೀಟರ್’ ಎನ್ನುತ್ತಿದ್ದೆ. ಒಂದು ಸಲ ಅವನು ಹೇಳಿದ: ‘ನಿನ್ನ ನಕ್ಷೆಯಲ್ಲಿ ಅದು ಬರೀ ಐನೂರು ಮೀಟರ್. ನನಗೆ ಇರುವುದೇ ಅಷ್ಟು.’ ಅವನ ಹೆಸರು ಕೇಳುವ ಮರ್ಯಾದೆಯನ್ನೂ ನಾನು ತೋರಿಸಲಿಲ್ಲ.

ನಲವತ್ತಾರು ದಾಟಿದ ಮೇಲೆ ಕೆಲಸ ಬಿಟ್ಟು ಊರಿಗೆ ಬಂದೆ. ಹೆಂಡತಿ ವಾರಿಜಾ ಕಟಪಾಡಿಯಲ್ಲಿ ಮೀನು ಮಾರುತ್ತಾಳೆ, ಅಪ್ಪ ದೇಜಪ್ಪ ಎಪ್ಪತ್ತೊಂದರ ವಯಸ್ಸಿನಲ್ಲೂ ತನ್ನ ನಾಡದೋಣಿಯಲ್ಲಿ ಒಬ್ಬನೇ ಗಾಳ ಹಾಕಲು ಹೋಗುತ್ತಾನೆ. ನಾನು ಬಂದು ಆರು ತಿಂಗಳಾಗಿತ್ತು. ಮಣಿಪಾಲದಲ್ಲಿ ಆಫೀಸು ತೆರೆದಿದ್ದ ಎಣ್ಣೆ ಕಂಪೆನಿಯಿಂದ ಪ್ರಖ್ಯಾತ್ ಎಂಬವನು ಹುಡುಕಿಕೊಂಡು ಬಂದ. ಅಲೆವೂರಿನ ಹುಡುಗ, ಇಸ್ತ್ರಿ ಮುರಿಯದ ಅಂಗಿ, ಮಾತಿಗೊಂದು ‘ಸರ್’.

‘ಸರ್, ನಮಗೆ ನಿಮ್ಮಂಥವರೇ ಬೇಕು. ಸ್ಕಾಟ್ಲೆಂಡ್ ಗೊತ್ತುಂಟು, ಊರಿನ ಜನವೂ ಗೊತ್ತುಂಟು. ಯಾರ್‍ಯಾರು ಎಲ್ಲೆಲ್ಲಿ ಮೀನು ಹಿಡಿಯುತ್ತಾರೆ ಅಂತ ಕೇಳಿ ನಕ್ಷೆಯಲ್ಲಿ ಗುರುತು ಮಾಡಿ ಕೊಡಿ. ಯಾರಿಗೂ ತೊಂದರೆ ಆಗದ ಹಾಗೆ ಖಾಲಿ ಜಾಗದಲ್ಲಿ ಬೋಯಾ ಹಾಕುವ.’

ನನಗೆ ಹಿಗ್ಗಾಯಿತು. ಅಲ್ಲಿ ಜನರನ್ನು ಓಡಿಸಿದ್ದಕ್ಕೆ ಇಲ್ಲಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ ಎಂದುಕೊಂಡೆ. ದಡದ ಸಭಾಭವನದಲ್ಲಿ ಮೇಜು ಹಾಕಿ, ನಕ್ಷೆ ಹರಡಿ ಕೂತೆ. ನಲವತ್ತಮೂರು ದೋಣಿಗಳ ಯಜಮಾನರು ಸಾಲಾಗಿ ಬಂದರು. ಒಬ್ಬೊಬ್ಬರೂ ಬೆರಳು ಇಟ್ಟು ‘ಇಲ್ಲಿ’ ಎಂದರು. ನಾನು ಅಲ್ಲೊಂದು ಅಡ್ಡಗೆರೆ ಎಳೆದು, ಅವರ ಫಾರ್ಮಿಗೆ ಸಹಿ ಹಾಕಿಸಿಕೊಂಡೆ. ಅಪ್ಪನೂ ಬಂದ. ಬಡಗು ದಿಕ್ಕಿಗೆ, ಮಲ್ಪೆಯ ಕಡೆಗೆ ಬೆರಳು ತೋರಿಸಿ, ಸಹಿ ಹಾಕಿ ಹೋದ. ಸಂಜೆಗೆ ನಕ್ಷೆಯ ನಡುವೆ ಒಂದು ಜಾಗ ಬೆಳ್ಳಗೆ ಖಾಲಿ ಉಳಿದಿತ್ತು. ಪ್ರಖ್ಯಾತ್ ಅದರ ಮೇಲೆ ಕೆಂಪು ವೃತ್ತ ಎಳೆದ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ನಮ್ಮ ಕಡಲಿನ ಅಡಿಯಲ್ಲಿ ಅಲ್ಲಲ್ಲಿ ಬಂಡೆಗಳಿವೆ, ಪಾದೆ ಅನ್ನುತ್ತೇವೆ. ಮರಳಿನಲ್ಲಿ ಸಿಗದ ಮೀನು ಅಲ್ಲಿ ಸಿಗುತ್ತದೆ. ಪಾದೆ ಕಂಡುಹಿಡಿದವನು ಅದರ ಗುರುತನ್ನು ಯಾರಿಗೂ ಹೇಳುವುದಿಲ್ಲ. ಕೇಳಿದರೆ ಬೇರೆ ದಿಕ್ಕು ತೋರಿಸುತ್ತಾನೆ, ಹೊರಡುವಾಗಲೂ ಆ ಸುಳ್ಳು ದಿಕ್ಕಿಗೇ ದೋಣಿ ಬಿಟ್ಟು, ದಡ ಮಸುಕಾದ ಮೇಲೆ ತಿರುಗಿಸುತ್ತಾನೆ. ಇದನ್ನು ಸುಳ್ಳೆಂದು ಯಾರೂ ಬಗೆಯುವುದಿಲ್ಲ. ಒಬ್ಬನ ಪಾದೆಯ ಮೇಲೆ ಗೊತ್ತಿದ್ದೂ ಇನ್ನೊಬ್ಬ ಗಾಳ ಹಾಕಿದರೆ ಅದು ಕಳ್ಳತನ. ಅಪ್ಪ ಮಗನಿಗೆ ಕೂಡ, ಅವನು ಗಾಳ ಹಿಡಿದು ಕಡಲಿಗಿಳಿದರೆ ಮಾತ್ರ ಹೇಳುವುದು. ನಾನು ಹತ್ತೊಂಬತ್ತಕ್ಕೇ ಹಡಗು ಹತ್ತಿದವನು, ನನಗೆ ಅಪ್ಪ ಹೇಳಿರಲಿಲ್ಲ.

ಈ ಪದ್ಧತಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಅದರಲ್ಲೇ ಹುಟ್ಟಿದವನು. ಆದರೂ ಫಾರ್ಮು, ಸಹಿ, ನಕ್ಷೆ ಅಂದ ಕೂಡಲೇ ಜನ ನಿಜ ಹೇಳುತ್ತಾರೆ ಎಂದು ನಂಬಿದ ದಡ್ಡ ನಾನು. ನಲವತ್ತಮೂರು ಜನ ಒಬ್ಬರಿಂದೊಬ್ಬರು ಮುಚ್ಚಿಡಲು ಅತ್ತ ಇತ್ತ ಬೆರಳು ತೋರಿಸಿದರು. ಯಾರೂ ಬೆರಳಿಡದ ಜಾಗ ಯಾಕೆ ಖಾಲಿ ಉಳಿಯಿತು ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ವರದಿ ಅಚ್ಚಾಗಿ ಬಂದ ದಿನ ಮನೆಗೆ ತಂದೆ. ವಾರಿಜಾ ಬುಟ್ಟಿ ತೊಳೆದಿಟ್ಟು, ಕೈ ಒರೆಸಿಕೊಂಡು ನಕ್ಷೆ ನೋಡಿದಳು.

‘ಮಾವ ಎಲ್ಲಿ ತೋರಿಸಿದ್ದು?’

ತೋರಿಸಿದೆ.

‘ಅಲ್ಲಿ ಬರೀ ಮರಳು ಮಾರಾಯ್ರೇ. ಮಾವ ವಾರಕ್ಕೆ ನಾಲ್ಕು ದಿವಸ ಮುರು ತರುತ್ತಾರೆ. ಮುರು ಪಾದೆಯ ಮೀನು, ಮರಳಿನಲ್ಲಿ ಸಿಗುತ್ತದಾ? ಮೀನು ಮಾರುವ ನನಗೆ ಗೊತ್ತುಂಟು. ನಿಮಗೆ ಎಂತ ಗೊತ್ತುಂಟು?’

ಜಗಲಿಯಲ್ಲಿ ಗಾಳ ಸರಿಮಾಡುತ್ತಿದ್ದ ಅಪ್ಪನ ಮುಂದೆ ನಕ್ಷೆ ಹಿಡಿದೆ. ಅಪ್ಪ ಕೆಂಪು ವೃತ್ತವನ್ನು ತುಂಬ ಹೊತ್ತು ನೋಡಿದ. ಕೈಯಲ್ಲಿದ್ದ ಗಾಳ ಕೆಳಗಿಟ್ಟ.

‘ಅದು ನನ್ನ ಪಾದೆ,’ ಎಂದ.

‘ಮತ್ತೆ ನನಗೆ ಎಂತಕ್ಕೆ ಸುಳ್ಳು ಹೇಳಿದ್ದು? ನಾನು ನಿಮ್ಮ ಮಗ ಅಲ್ವಾ?’

‘ಮೇಜಿನ ಆಚೆ ಕೂತಿದ್ದೆ ನೀನು. ಮೇಜಿನ ಆಚೆ ಕೂತವನು ಕಂಪೆನಿಯ ಜನ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪ ಅದನ್ನು ಸಿಟ್ಟಿಲ್ಲದೆ ಹೇಳಿದ್ದರಿಂದ ನನಗೆ ಮುಖ ಎತ್ತಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಸಲ ನನ್ನನ್ನು ದೋಣಿಗೆ ಹತ್ತಿಸಿಕೊಂಡ. ಬಡಗಿಗೆ ಹೊರಟು, ದಡ ಮಸುಕಾದ ಮೇಲೆ ತಿರುಗಿಸಿದ. ಒಂದೂವರೆ ಗಂಟೆಯ ನಂತರ ಇಂಜಿನ್ ನಿಲ್ಲಿಸಿ ಮೂಡಲಿಗೆ ಕೈ ತೋರಿಸಿದ. ಕಾಪುವಿನ ದೀಪಸ್ತಂಭದ ತಲೆ, ಕಾರ್ಕಳದ ಕಡೆಯ ಘಟ್ಟದಲ್ಲಿ ಕಾಣುವ ತಗ್ಗಿನೊಳಗೆ ಸರಿಯಾಗಿ ಕೂತಿತ್ತು. ತೆಂಕಿನಲ್ಲಿ ವಿದ್ಯುತ್ ಸ್ಥಾವರದ ಎತ್ತರದ ಚಿಮಿಣಿ ಎರ್ಮಾಳಿನ ತೆಂಗಿನ ತೋಪಿನ ತುದಿಗೆ ತಾಗಿತ್ತು. ಇವೆರಡೂ ಹೀಗೆ ಕೂಡಿ ಕಾಣುವ ಜಾಗವೇ ಪಾದೆಯ ಗುರುತು. ‘ಅಜ್ಜನ ಕಾಲದಲ್ಲಿ ಚಿಮಿಣಿ ಇರಲಿಲ್ಲ, ಒಂದು ತಾಳೆಮರ ಇತ್ತು,’ ಎಂದ ಅಪ್ಪ. ಗಾಳ ಇಳಿಸಿದ. ಹತ್ತು ನಿಮಿಷವಾಗಿರಲಿಕ್ಕಿಲ್ಲ, ಐದು ಕಿಲೋದ ಮುರು ಮೇಲೆ ಬಂತು. ಇದೇ ‘ಹೇಳಿಕೊಳ್ಳುವಂಥ ಮೀನುಗಾರಿಕೆ ಇಲ್ಲದ’ ಜಾಗ.

ನೇರ ಮಣಿಪಾಲಕ್ಕೆ ಹೋದೆ. ಪ್ರಖ್ಯಾತ್ ಎಲ್ಲ ಕೇಳಿಸಿಕೊಂಡು, ನೀರು ತರಿಸಿ ಕೊಟ್ಟ.

‘ಸರ್, ಅಲ್ಲಿ ಬಂಡೆ ಉಂಟು ಅಂತ ನಮಗೂ ಗೊತ್ತುಂಟು. ನಮ್ಮ ಯಂತ್ರ ಕಡಲಡಿಯ ಚಿತ್ರ ತೆಗೆದಿದೆ. ನೂರಾ ಹನ್ನೆರಡನೆಯ ಪುಟ ನೋಡಿ.’

‘ಬಂಡೆ ಇದ್ದಲ್ಲಿ ಮೀನು ಇರುತ್ತದೆ ಅಂತ ಗೊತ್ತಿಲ್ವಾ?’

‘ಮೀನು ಇರಬಹುದು ಸರ್. ಹಿಡಿಯುವವರು ಇಲ್ಲ ಅಂತ ನೀವೇ ಬರೆದು ಕೊಟ್ಟಿದ್ದೀರಲ್ಲ.’

ನೋಡಿ, ಹೇಗಿದೆ! ಅವರ ಯಂತ್ರ ಒಂದು ಹೇಳುತ್ತಿತ್ತು, ನಮ್ಮ ಜನ ಇನ್ನೊಂದು ಹೇಳಿದ್ದರು. ಎರಡನ್ನೂ ಪಕ್ಕದಲ್ಲಿಟ್ಟು ಯಾಕೆ ಹೀಗೆ ಎಂದು ಒಬ್ಬನೂ ಕೇಳಲಿಲ್ಲ. ಮೀನುಗಾರರು ಸುಳ್ಳು ಹೇಳಿದಾಗ ಅದು ಅಧಿಕೃತ ಮಾಹಿತಿ, ಈಗ ನಿಜ ಹೇಳಿದರೆ ಪುರಾವೆ ಬೇಕಂತೆ. ಮೇಜಿನ ಮೇಲೆ ಕಂಪೆನಿಗೆ ಅಬರ್ಡೀನಿನ ಸಲಹೆಗಾರರು ಕಳಿಸಿದ ಬಣ್ಣದ ಪುಸ್ತಿಕೆ ಇತ್ತು. ಮೇಲೆ ಉತ್ತರ ಸಮುದ್ರದ ಎಣ್ಣೆ ಅಟ್ಟ, ಮುಂದೆ ಪುಟ್ಟ ಮೀನಿನ ದೋಣಿ, ಕೆಳಗೆ ‘ಕಡಲಿನ ಒಳ್ಳೆಯ ನೆರೆಹೊರೆ’ ಎಂಬ ಒಕ್ಕಣೆ.

‘ಆ ದೋಣಿಯ ಹಿಂದಿನ ನೊರೆ ನೋಡು ಪ್ರಖ್ಯಾತ್,’ ಎಂದೆ. ‘ಅಟ್ಟದ ಕಡೆಯಿಂದ ಬಂದಿದೆ. ಅದು ನೆರೆಮನೆಗೆ ಬಂದದ್ದಲ್ಲ. ಬಾಗಿಲಿನಿಂದಲೇ ಕಳಿಸಿದ್ದಾರೆ, ಹೋಗುತ್ತಾ ಉಂಟು. ಹಾಗೆ ಕಳಿಸುವ ಕೆಲಸ ಹದಿನಾಲ್ಕು ವರ್ಷ ಮಾಡಿದ್ದೇನೆ ನಾನು.’

ಅವನು ಪುಸ್ತಿಕೆಯನ್ನು ಮೆಲ್ಲ ಮಗುಚಿಟ್ಟ. ‘ಅಹವಾಲು ಸಭೆ ಉಂಟಲ್ಲ ಸರ್, ಅಲ್ಲಿ ಹೇಳಿ.’

ಸಭೆ ಕಾಪುವಿನಲ್ಲೇ ನಡೆಯಿತು. ಅಪ್ಪ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಬಂದಿದ್ದ. ಮೂರು ತಲೆಮಾರು ಮುಚ್ಚಿಟ್ಟದ್ದನ್ನು ಇನ್ನೂರು ಜನರ ಎದುರು, ಮೈಕಿನಲ್ಲಿ ಹೇಳಬೇಕಾಗಿತ್ತು. ಹೇಳಿದ. ದೀಪಸ್ತಂಭ ಎಲ್ಲಿ ಕೂರಬೇಕು, ಚಿಮಿಣಿ ಎಲ್ಲಿಗೆ ತಾಗಬೇಕು, ಹದಿನಾಲ್ಕು ಮಾರು ನೀರು, ಅಡಿಯಲ್ಲಿ ಪಾದೆ. ನಾನು ಹಿಂದೆ ತಿರುಗಿ ನೋಡಿದೆ. ನಮ್ಮ ಪಕ್ಕದ ಮನೆಯ ಪೂವಪ್ಪ, ಅಪ್ಪನ ಜೊತೆ ಒಂದೇ ಶಾಲೆಗೆ ಹೋದವನು, ತುಟಿ ಅಲ್ಲಾಡಿಸುತ್ತಿದ್ದ. ಅಪ್ಪನ ಗುರುತನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಅವನೊಬ್ಬನೇ ಅಲ್ಲ.

ಪ್ರಖ್ಯಾತ್ ಎದ್ದು ಅಪ್ಪ ಸಹಿ ಹಾಕಿದ ಹಳೆಯ ಫಾರ್ಮನ್ನು ಓದಿದ. ‘ಬಡಗಿಗೆ ಮೀನು ಹಿಡಿಯುವುದು ಅಂತ ನೀವೇ ಹೇಳಿದ್ದೀರಿ. ಆಗ ಹೇಳಿದ್ದು ಸುಳ್ಳಾ, ಈಗ ಹೇಳುವುದು ಸುಳ್ಳಾ?’

‘ಆಗ,’ ಎಂದ ಅಪ್ಪ.

ಕೆಲವರು ನಕ್ಕರು. ಅದೇ ಸುಳ್ಳನ್ನು ಅದೇ ಮೇಜಿನಲ್ಲಿ ಹೇಳಿದವರು ನಕ್ಕರು! ನನಗೆ ಕುರ್ಚಿ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ವೇದಿಕೆಯ ಮೇಲಿದ್ದ ಸರ್ಕಾರದ ಅಧಿಕಾರಿ, ವಯಸ್ಸಾದ ಹೆಂಗಸು, ಕನ್ನಡಕ ತೆಗೆದು ಹೇಳಿದರು: ‘ನಿಮ್ಮ ಎರಡು ಹೇಳಿಕೆ ಒಂದಕ್ಕೊಂದು ಕೂಡುವುದಿಲ್ಲ, ಹಾಗಾಗಿ ನಿಮ್ಮದನ್ನು ನಾನು ಪರಿಗಣಿಸಲಿಕ್ಕೆ ಆಗುವುದಿಲ್ಲ. ಈ ಜಾಗದ ಹತ್ತಿರದಲ್ಲೇ ಗುರುತು ಹಾಕಿದವರು ಬೇರೆ ಹಲವರಿದ್ದಾರೆ. ಅವರ ಪೈಕಿ ಹತ್ತು ದೋಣಿಯವರಾದರೂ “ಇದು ನಾವು ಮೀನು ಹಿಡಿಯುವ ಜಾಗ” ಅಂತ ಬರೆದುಕೊಟ್ಟರೆ ಮರುಸಮೀಕ್ಷೆಗೆ ಆದೇಶ ಮಾಡುತ್ತೇನೆ. ಏಳು ದಿವಸ ಉಂಟು.’

ಆರು ದಿವಸ ನಾನು ಮನೆಮನೆ ತಿರುಗಿದೆ. ಕೂತುಕೊಳ್ಳಲು ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಸಹಿ ಕೊಡಲಿಲ್ಲ. ‘ದೇಜಪ್ಪಣ್ಣನ ಪಾದೆಯಲ್ಲಿ ನಮಗೆ ಎಂತ ಕೆಲಸ?’ ಎಂದರು ಎಲ್ಲರೂ. ಆದರೆ ಆ ಆರು ದಿವಸವೂ ಕಟಪಾಡಿಯ ಮಾರುಕಟ್ಟೆಗೆ ಮುರು ಬುಟ್ಟಿ ಬುಟ್ಟಿಯಾಗಿ ಬಂತು. ವಾರಿಜಾ ಮನೆಗೆ ಬಂದು ಬುಟ್ಟಿಯನ್ನು ದಢಾರನೆ ಇಟ್ಟಳು. ‘ಜನ್ಮದಲ್ಲಿ ಬಂಗುಡೆ ಬಿಟ್ಟು ಬೇರೆ ತಾರದವರು ಮುರು ತಂದಿದ್ದಾರೆ. ಎಲ್ಲಿಂದ ಅಂತ ನಾನು ಹೇಳಬೇಕಾ?’

ಅಪ್ಪ ಆ ಆರು ದಿವಸ ಕಡಲಿಗೆ ಹೋಗಿರಲಿಲ್ಲ. ಏಳನೆಯ ಬೆಳಿಗ್ಗೆ ‘ಕಾಗದ ತೆಗೆದುಕೊಂಡು ಬಾ’ ಎಂದ. ಈ ಸಲ ಬಡಗಿಗೆ ಹೋಗಲಿಲ್ಲ. ದಡದಿಂದ ನೇರವಾಗಿ, ಎಲ್ಲರಿಗೂ ಕಾಣುವ ಹಾಗೆ ಪಾದೆಗೆ ಬಿಟ್ಟ.

ಹದಿಮೂರು ದೋಣಿಗಳಿದ್ದವು. ಹದಿಮೂರು! ಅಷ್ಟೇನೂ ದೊಡ್ಡದಲ್ಲದ ಆ ಪಾದೆಯ ಮೇಲೆ ಒಂದಕ್ಕೊಂದು ತಾಗುವಷ್ಟು ಹತ್ತಿರ ನಿಂತು ಗಾಳ ಎಳೆಯುತ್ತಿದ್ದರು. ಇನ್ನು ಹೇಗೂ ಕಂಪೆನಿಯ ಪಾಲು, ಅದಕ್ಕೆ ಮೊದಲು ನಾವೇ ಬಳಿದುಕೊಳ್ಳುವ ಎಂಬ ಲೆಕ್ಕಾಚಾರ. ನಮ್ಮನ್ನು ಕಂಡು ಕೆಲವರು ಮುಖ ತಿರುಗಿಸಿದರು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಕಂಪೆನಿಯನ್ನು ಕೂಡ ನಾನು ಹಾಗೆ ಬೈದಿರಲಿಲ್ಲ. ಅವರು ಹೊರಗಿನವರು, ಲಾಭಕ್ಕೆ ಬಂದವರು. ಇವರಿಗೆ ಎಂತ ದಾಡಿ?

ಅಪ್ಪ ನನ್ನ ಭುಜ ಒತ್ತಿ ಕೂರಿಸಿ, ಪೂವಪ್ಪನ ದೋಣಿಗೆ ನಮ್ಮ ದೋಣಿ ತಾಗಿಸಿದ. ಪೂವಪ್ಪನ ಕಾಲಬುಡದಲ್ಲಿ ಎರಡು ಮುರು ಬಾಲ ಬಡಿಯುತ್ತಿದ್ದವು.

‘ಪೂವಪ್ಪ, ಇವತ್ತು ಎಲ್ಲಿ ಮೀನು ಹಿಡಿದದ್ದು?’ ಎಂದು ಅಪ್ಪ ಕೇಳಿದ.

‘ಬಡಗಿಗೆ,’ ಎಂದ ಪೂವಪ್ಪ. ಕೈ ಎತ್ತಿ ಮಲ್ಪೆಯ ದಿಕ್ಕು ತೋರಿಸಿಯೂ ತೋರಿಸಿದ.

ಪಾದೆಯ ನೆತ್ತಿಯ ಮೇಲೆ ನಿಂತು, ಪಾದೆಯ ಮೀನನ್ನು ಕಾಲಡಿಯಲ್ಲಿಟ್ಟುಕೊಂಡು, ಪಾದೆಯ ಯಜಮಾನನ ಮುಖ ನೋಡಿ! ನಾನು ಎದ್ದು ನಿಂತೆ. ಆದರೆ ಪೂವಪ್ಪನ ಮುಖ ಕೆಂಪಾಗಿತ್ತು, ಕಣ್ಣು ಅಪ್ಪನನ್ನು ಬಿಟ್ಟು ನೀರು ನೋಡುತ್ತಿತ್ತು.

‘ಮತ್ತೆ ಎಂತ ಹೇಳಲಿ ದೇಜಪ್ಪಣ್ಣ?’ ಎಂದ ತಡೆದು. ‘ನಿಮ್ಮ ಪಾದೆಯಲ್ಲಿ ಹಿಡಿದೆ ಅಂತ ಸಹಿ ಹಾಕಿದರೆ, ಪೂವಪ್ಪ ಕಳ್ಳ ಅಂತ ಸರ್ಕಾರದ ಕಾಗದದಲ್ಲಿ ನಾನೇ ಬರೆದ ಹಾಗೆ ಆಗುವುದಿಲ್ವಾ? ನಾಳೆ ನನ್ನ ಮೊಮ್ಮಕ್ಕಳು ಓದಲಿಕ್ಕಾ?’

ಆಗ ನನಗೆ ತಿಳಿಯಿತು, ಆರು ದಿವಸ ಯಾಕೆ ಒಬ್ಬರೂ ಸಹಿ ಹಾಕಲಿಲ್ಲ ಅಂತ. ಕದಿಯಲು ನಾಚಿಕೆ ಇಲ್ಲ, ಬರೆದುಕೊಡಲು ನಾಚಿಕೆ. ತಿಳಿದರೂ ಸಿಟ್ಟು ಇಳಿಯಲಿಲ್ಲ.

ಅಪ್ಪ ಹದಿಮೂರು ದೋಣಿಗಳನ್ನೂ ಒಂದೊಂದಾಗಿ ನೋಡಿದ.

‘ನನ್ನ ಪಾದೆ ಅಂತ ಬರೆಯಬೇಡ,’ ಎಂದ. ‘ನಿನ್ನದು ಅಂತ ಬರೆ.’

‘ಎಂತ?’

‘ಪೂವಪ್ಪನ ಪಾದೆ ಅಂತ ಬರೆ. ನಿನ್ನ ಅಪ್ಪನಿಂದ ಬಂದದ್ದು ಅಂತ ಬರೆ. ನಾನು ಇಲ್ಲ ಅನ್ನುವುದಿಲ್ಲ.’ ಆಮೇಲೆ ಎದ್ದು ನಿಂತು, ಎಲ್ಲ ದೋಣಿಗಳಿಗೂ ಕೇಳುವ ಹಾಗೆ ಕೂಗಿದ: ‘ಎಲ್ಲರೂ ನಿಮ್ಮದು ಅಂತಲೇ ಬರೆಯಿರಿ. ಇನ್ನು ದೇಜಪ್ಪನಿಗೆ ಇಲ್ಲಿ ಪಾದೆ ಇಲ್ಲ.’

ಪೂವಪ್ಪ ಬೇಡ ಎಂದು ಒಂದು ಮಾತು ಹೇಳುತ್ತಾನೋ ಎಂದು ಕಾದೆ. ಯಾರಾದರೂ ಒಬ್ಬರು ಹೇಳುತ್ತಾರೋ ಎಂದು ಕಾದೆ. ಪೂವಪ್ಪ ಒದ್ದೆ ಕೈಯನ್ನು ಲುಂಗಿಗೆ ಒರೆಸಿ ಪೆನ್ನು ಕೇಳಿದ. ಒಂದು ದೋಣಿಯಿಂದ ಇನ್ನೊಂದು ದೋಣಿಗೆ ಕಾಗದ ಹೋಯಿತು. ಮೂವರು ಗಾಳ ಎಳೆದುಕೊಂಡು ಹೊರಟುಹೋದರು, ಹತ್ತು ಜನ ಬರೆದರು. ಅಪ್ಪ ದಡಕ್ಕೆ ಬರುವವರೆಗೂ ಹಿಂದೆ ತಿರುಗಿ ನೋಡಲಿಲ್ಲ. ಗಾಳವನ್ನು ನೀರಿಗೆ ಇಳಿಸಲೂ ಇಲ್ಲ.

ಮಧ್ಯಾಹ್ನ ಮಣಿಪಾಲದ ಸರ್ಕಾರಿ ಕಚೇರಿಗೆ ಕಾಗದ ಕೊಟ್ಟೆ. ನನ್ನ ಹಳೆಯ ಸಹಿ ತಪ್ಪು ಮಾಹಿತಿಯ ಮೇಲೆ ಹಾಕಿದ್ದು ಎಂಬ ಪತ್ರವನ್ನೂ ಜೊತೆಗೆ ಇಟ್ಟೆ. ಕಂಪೆನಿಯಲ್ಲಿ ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಅಧಿಕಾರಿ ಹತ್ತು ಹೇಳಿಕೆಗಳನ್ನೂ ಓದಿ, ಮಾತಿಗೆ ತಪ್ಪದೆ ಮರುಸಮೀಕ್ಷೆಯ ಆದೇಶ ಬರೆಸಿದರು. ಅಲ್ಲಿಯೇ ಇದ್ದ ಪ್ರಖ್ಯಾತ್ ಪ್ರತಿ ತೆಗೆದುಕೊಂಡು ನೋಡಿದ.

‘ಒಂದೇ ಪಾದೆ ಹತ್ತು ಜನರದ್ದು, ಅದೂ ಅಪ್ಪನ ಕಾಲದಿಂದ! ಹೇಗೆ ಸರ್?’

‘ನಕ್ಷೆಯಲ್ಲಿ ಒಬ್ಬರದ್ದೂ ಇರಲಿಲ್ಲ ಅಲ್ವಾ? ಅದು ಹೇಗೋ, ಇದೂ ಹಾಗೆ.’

ಅವನು ಇನ್ನೊಮ್ಮೆ ಹಾಳೆ ಮಗುಚಿದ. ‘ನಿಮ್ಮ ತಂದೆಯವರ ಹೆಸರು ಎಲ್ಲಿಯೂ ಇಲ್ಲ?’

ಸರ್ಕಾರದ ಕಡತದಲ್ಲಿ ಇನ್ನು ಯಾವತ್ತೂ ಇರುವುದಿಲ್ಲ. ಪಾದೆ ಉಳಿದರೆ ಅದು ಪೂವಪ್ಪನದ್ದು, ಅವನ ಮೊಮ್ಮಕ್ಕಳು ಓದಿ ಹೆಮ್ಮೆಪಡಬಹುದು. ಅದನ್ನು ಉಳಿಸಿಕೊಳ್ಳಬೇಕಾದರೆ ಕದ್ದವರ ಕೈಗೇ ಬರೆದುಕೊಡಬೇಕಾದ ಗತಿ ತಂದವರಲ್ಲಿ ಒಬ್ಬನು ನನ್ನೆದುರಿಗೆ ಕೂತಿದ್ದ, ಇನ್ನೊಬ್ಬ ನಾನೇ.

‘ಅವರಿಗೆ ಅಲ್ಲಿ ಪಾದೆ ಇಲ್ಲ,’ ಎಂದು ಹೇಳಿ ನಾನು ಎದ್ದು ಬಂದೆ.